ನಮ್ಮ ಜಿಲ್ಲೆಯ ಮಗಳು ಪಂಢರಿಬಾಯಿ



ಸ್ಮರಣ ಸಂಚಿಕೆಗೆ ಪ್ರತಿಸಲವೂ ಒಬ್ಬ ಪ್ರಸಿದ್ಧ ಸ್ತ್ರೀಯ ಜೀವನ ಚರಿತ್ರೆಯನ್ನು ಬರೆದುಕೊಡುವ ಭಾರವು ನಮ್ಮ ಪಾಲಿಗೆ ಬಂದಿರುವುದು ತಮಗೆಲ್ಲ ತಿಳಿದ ಸಂಗತಿಯೇ. ಈವರೆಗೆ ನಾವು ವೈದ್ಯೆಯರ, ದಾದಿಯರ, ಶಿಕ್ಷಕಿಯರ, ದೇಶಸೇವಕಿಯರ ಚರಿತ್ರೆಗಳನ್ನು ಬರೆದಿರುವೆವು. ಈ ಸಲ ಬರೆಯಹೊರಟಿರುವುದು ಒಬ್ಬ ಚಿತ್ರನಟಿಯ ಚರಿತ್ರೆ. ಶಾಲೆಯ ಸಂಚಿಕೆಯಲ್ಲಿ ನಟಿಗೇನು ಕೆಲಸವೆಂದು ಕೆಲವರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಸಂಪಾದಕ ಮಂಡಲಿಯಲ್ಲಿಯೇ ಪಾಲಕರೊಬ್ಬರು ಈ ಸಂಶಯವನ್ನು ಸೌಜನ್ಯದಿಂದ ಎತ್ತಿದ್ದರು. ಆದುದರಿಂದ ಈ ವಿಷಯವನ್ನು ಆರಿಸಿಕೊಂಡ ಕಾರಣವನ್ನು ಮೊದಲಿಗೆ ಅರಿಕೆ ಮಾಡುವುದು ಯುಕ್ತವು.

ಕಳೆದ ವಾರ್ಷಿಕ ಸಮ್ಮೇಳನಕ್ಕೆ ಬಂದಿದ್ದ ಹಳೆಯ ವಿದ್ಯಾರ್ಥಿನಿಯರಲ್ಲಿ ಹತ್ತು ಹನ್ನೆರಡು ಮಂದಿ ಆ ರಾತ್ರಿ ನಮ್ಮ ವಸತಿಗೃಹದಲ್ಲಿಯೇ ಉಳಿದುಕೊಂಡಿದ್ದರು. ಊಟವಾದ ಮೇಲೆ ಎಲ್ಲರೂ ಸಭಾಗೃಹದಲ್ಲಿ ಕೂಡಿ, ತೊಡದೇವು ಮುರಿದು ತಿನ್ನುತ್ತ ಮಾತನಾಡುತ್ತಿರಲಾಗಿ, ದೂರದರ್ಶನದಲ್ಲಿ ದಿವಂಗತ ಪಂಢರಿಬಾಯಿಯವರ ಸ್ಮರಣಾರ್ಥವಾಗಿ ಅವರ ಹಳೆಯ ಚಿತ್ರಗಳ ತುಣುಕುಗಳನ್ನು ತೋರಿಸತೊಡಗಿದರು. ಮಾತು ನಿಂತಿತು. ಅರ್ಧ ತಾಸು ಯಾರೂ ಎದ್ದುಹೋಗಲಿಲ್ಲ. ಮುಗಿದ ಮೇಲೆ ಮಾತ್ರ ಮಾತಿನ ಕಟ್ಟೆ ಒಡೆಯಿತು. ಹಿರಿಯರೊಬ್ಬರು ತಾವು ಚಿಕ್ಕಂದಿನಲ್ಲಿ ಡೇರೆಯ ಟಾಕೀಜಿನಲ್ಲಿ ಚಾಪೆ ಹಾಸಿಕೊಂಡು ನೋಡಿದ ಬೇಡರ ಕಣ್ಣಪ್ಪನನ್ನು ನೆನೆದರು. ಇನ್ನೊಬ್ಬರಿಗೆ ಬೆಳ್ಳಿಮೋಡಕ್ಕೆ ಸರಿಗಟ್ಟುವ ಚಿತ್ರವೇ ಇಲ್ಲ. ಮತ್ತೊಬ್ಬರು ಅನುರಾಗ ಅರಳಿತು ಚಿತ್ರವನ್ನು ಎಷ್ಟು ಸಲ ನೋಡಿದರೂ ಕಣ್ಣು ತೇವವಾಗುವುದೆಂದರು. ಆಗ ವಸತಿಗೃಹದ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು, ಅಕ್ಕೋರೇ, ಈ ಅಮ್ಮ ಹುಟ್ಟುವಾಗಲೇ ಮುದುಕಿಯಾಗಿದ್ದರೇ ಎಂದು ನಮ್ಮನ್ನು ಕೇಳಿದಳು. ಎಲ್ಲರೂ ನಕ್ಕರು. ನಮಗೆ ಆ ನಗೆ ಪೂರ್ತಿಯಾಗಿ ಬರಲಿಲ್ಲ. ಏಕೆಂದರೆ ಆ ಕಾರ್ಯಕ್ರಮದವರು ತೋರಿಸಿದ್ದರಲ್ಲಿ ಬಹುಪಾಲು ಕಣ್ಣೀರಿಡುವ ತಾಯಿಯ ದೃಶ್ಯಗಳೇ ಆಗಿದ್ದವು. ಮಗುವಿಗೆ ಹಾಗೆ ತೋರಿದುದು ತಪ್ಪಲ್ಲ. ಆ ಪ್ರಶ್ನೆಗೆ ಅಂದು ನಾವು ಕೊಟ್ಟ ಉತ್ತರವು ಎರಡು ಮಾತಿನದು. ಮಿಕ್ಕದ್ದನ್ನು ಇಲ್ಲಿ ಬರೆಯುತ್ತೇವೆ.

ಪಂಢರಿಬಾಯಿಯವರು ಹುಟ್ಟಿದುದು ಹೊರಗಿನ ಯಾವ ಸೀಮೆಯಲ್ಲಿಯೂ ಅಲ್ಲ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಭಟ್ಕಳದಲ್ಲಿ. ಇಪ್ಪತ್ತನೆಯ ಶತಮಾನದ ಮೂರನೆಯ ದಶಕವು ಮುಗಿಯುತ್ತ ಬಂದ ಕಾಲದಲ್ಲಿ. ಸಿದ್ದಾಪುರದ ನಾವು ಘಟ್ಟದ ಮೇಲಿನವರು, ಭಟ್ಕಳದವರು ಘಟ್ಟದ ಕೆಳಗಿನವರು. ನಮಗೆ ಅಡಿಕೆ ತೋಟ, ಅವರಿಗೆ ಕಡಲು ಮತ್ತು ತೆಂಗು. ಆದರೂ ಜಿಲ್ಲೆಯೊಂದೇ. ಆ ಕಾಲಕ್ಕೆ ಇಡೀ ಜಿಲ್ಲೆಯೇ ಮುಂಬಯಿ ಇಲಾಖೆಗೆ ಸೇರಿತ್ತು. 1956ರಲ್ಲಿ ಕನ್ನಡ ನಾಡು ಒಂದಾದಾಗಲೇ ಮೈಸೂರು ರಾಜ್ಯದೊಳಕ್ಕೆ ಬಂದಿತು. ಹೀಗಾಗಿ ಮರಾಠಿಯ ಕೀರ್ತನೆ, ನಾಟಕ, ಅಭಂಗಗಳ ಗಾಳಿಯು ನಮ್ಮ ಜಿಲ್ಲೆಯ ಮನೆಗಳಲ್ಲಿ ಧಾರಾಳವಾಗಿ ಬೀಸುತ್ತಿತ್ತು. ಪಂಢರಾಪುರದ ವಿಠ್ಠಲನ ಭಕ್ತಿಯು ಈ ಗಾಳಿಯ ಒಂದು ಭಾಗ. ಪಂಢರಿಬಾಯಿ ಎಂಬ ಹೆಸರಿನಲ್ಲಿಯೇ ಆ ಕ್ಷೇತ್ರವು ಕಾಣಿಸುತ್ತದೆ.

ತಂದೆಯವರು ಹರಿಕಥೆಯ ದಾಸರು. ಹರಿಕಥೆಯೆಂಬುದು ಎಂತಹ ಪಾಠಶಾಲೆಯೆಂಬುದನ್ನು ಇಂದಿನ ಮಕ್ಕಳಿಗೆ ಸ್ವಲ್ಪ ವಿವರಿಸಬೇಕು. ಅಲ್ಲಿ ಬೇರೆ ಪಾತ್ರಧಾರಿಗಳಿಲ್ಲ, ಪರದೆಯಿಲ್ಲ, ಬಣ್ಣವಿಲ್ಲ. ಕಾಲಿಗೆ ಗೆಜ್ಜೆ, ಕೈಗೆ ಚಿಟಿಕೆ, ಹಿಂದೆ ಮೃದಂಗ ಮತ್ತು ಹಾರ್ಮೋನಿಯಂ. ಇಷ್ಟರಿಂದಲೇ ದಾಸರು ಒಬ್ಬರೇ ನಿಂತು ರಾಜನೂ ಆಗಬೇಕು, ರಾಣಿಯೂ ಆಗಬೇಕು, ಅಳುವ ಮಗುವೂ ಆಗಬೇಕು. ದನಿಯನ್ನು ಎಲ್ಲಿ ಏರಿಸಬೇಕು, ಎಲ್ಲಿ ನಿಲ್ಲಿಸಿ ಸುಮ್ಮನಿರಬೇಕು, ಸಭೆಯ ಕೊನೆಯಲ್ಲಿ ಕುಳಿತ ಅಜ್ಜಿಗೆ ಮಾತು ಹೇಗೆ ಮುಟ್ಟಬೇಕು ಎಂಬುದನ್ನು ಈ ಕಲೆಯು ಕಲಿಸುತ್ತದೆ. ಇಂತಹ ಮನೆಯಲ್ಲಿ ಬೆಳೆದ ಹುಡುಗಿಯು ಪುರಾಣದ ಕಥೆಗಳ ನಾಟಕಗಳಲ್ಲಿ ಪಾತ್ರ ಮಾಡತೊಡಗಿದುದು ಸಹಜವೇ. ಮುಂದೆ ಅವರ ಮಾತಿನ ಸ್ಪಷ್ಟತೆಯನ್ನು ಕೊಂಡಾಡಿದವರು ಅನೇಕರು. ಅದರ ಬೇರು ಬಾಲ್ಯದ ಈ ಶಿಕ್ಷಣದಲ್ಲಿದೆ ಎಂದು ನಾವು ಭಾವಿಸುತ್ತೇವೆ.

ಆದರೆ ಹೆಣ್ಣುಮಗಳೊಬ್ಬಳು ರಂಗವನ್ನೇರುವುದು ಆ ಕಾಲದಲ್ಲಿ ಸಣ್ಣ ಮಾತಾಗಿರಲಿಲ್ಲ. ನಮ್ಮ ಜಿಲ್ಲೆಯ ಯಕ್ಷಗಾನದಲ್ಲಿ ದ್ರೌಪದಿಯೂ ಸೀತೆಯೂ ದಮಯಂತಿಯೂ ಗಂಡಸರೇ. ಕಂಪನಿ ನಾಟಕಗಳಲ್ಲಿಯೂ ಬಹುಕಾಲ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು. ಕನ್ನಡದ ಮೊದಲನೆಯ ವಾಕ್ಚಿತ್ರವಾದ ಸತಿ ಸುಲೋಚನಾ ತೆರೆಗೆ ಬಂದುದು 1934ರಲ್ಲಿ. ಅದನ್ನು ತಯಾರಿಸಿದುದು ಕೊಲ್ಲಾಪುರದಲ್ಲಿ. ಅದರಲ್ಲಿ ಸುಲೋಚನೆಯಾಗಿ ನಟಿಸಿದವರು ತ್ರಿಪುರಾಂಬಾ. ಎರಡು ವರ್ಷಗಳ ತರುವಾಯ ಸಂಸಾರ ನೌಕಾ ಚಿತ್ರದಿಂದ ಎಂ. ವಿ. ರಾಜಮ್ಮನವರು ಹೆಸರಾದರು, 1943ರಲ್ಲಿ ಅವರು ರಾಧಾರಮಣ ಚಿತ್ರವನ್ನು ತಾವೇ ತಯಾರಿಸಿ, ಕನ್ನಡದ ಮೊದಲನೆಯ ಸ್ತ್ರೀ ನಿರ್ಮಾಪಕರೆಂಬ ಕೀರ್ತಿಗೆ ಪಾತ್ರರಾದರು. ಗುಬ್ಬಿ ಕಂಪನಿಯ ಬಿ. ಜಯಮ್ಮನವರಂತಹವರು ರಂಗದಲ್ಲಿಯೂ ತೆರೆಯಲ್ಲಿಯೂ ದುಡಿಯುತ್ತಿದ್ದರು. ಬೆರಳೆಣಿಕೆಯ ಇಂತಹ ಸ್ತ್ರೀಯರು ತುಳಿದು ತೋರಿಸಿದ ಕಾಲುದಾರಿಯಲ್ಲಿ ಭಟ್ಕಳದ ಈ ಹುಡುಗಿಯು ಹೆಜ್ಜೆಯಿಟ್ಟಳು.

ಆ 1943ರಲ್ಲಿಯೇ ಬಂದ ವಾಣಿ ಎಂಬುದು ಪಂಢರಿಬಾಯಿಯವರ ಮೊದಲನೆಯ ಚಿತ್ರ. ಪಿಟೀಲಿನ ವಿದ್ವಾಂಸರಾದ ಚೌಡಯ್ಯನವರೂ ನಾಟಕದ ಕೆ. ಹಿರಣ್ಣಯ್ಯನವರೂ ಅದರ ಹಿಂದೆ ಇದ್ದರು. ಆಗ ಅವರಿನ್ನೂ ನಮ್ಮ ಪ್ರೌಢಶಾಲೆಯ ಹುಡುಗಿಯರ ವಯಸ್ಸಿನವರು. ಚಿತ್ರವೇನೋ ಬಂದಿತು, ಆದರೆ ಅದರ ಬೆನ್ನಿಗೇ ಭಾಗ್ಯವೂ ಬರಲಿಲ್ಲ. ಕನ್ನಡದಲ್ಲಿ ವರ್ಷಕ್ಕೆ ಒಂದೆರಡು ಚಿತ್ರಗಳು ಬಂದರೆ ಹೆಚ್ಚು ಎನ್ನುವ ಕಾಲವದು. ಚಿತ್ರ ತೆಗೆಯುವ ಸಲಕರಣೆಗಳೆಲ್ಲ ಮದರಾಸು, ಕೊಯಮತ್ತೂರುಗಳಲ್ಲಿದ್ದವು. ಹೀಗಿರಲಾಗಿ ಕನ್ನಡದ ಕಲಾವಿದರು ಹೊಟ್ಟೆಪಾಡಿಗಾಗಿ ಮದರಾಸನ್ನು ಸೇರಿ, ಅಲ್ಲಿನ ಭಾಷೆಗಳನ್ನು ಕಲಿತು, ಕರೆದಲ್ಲಿಗೆ ಹೋಗಿ, ಕೊಟ್ಟ ಪಾತ್ರವನ್ನು ಮಾಡಬೇಕಾಗಿತ್ತು. ಪಂಢರಿಬಾಯಿಯವರು ಮಾಡಿದುದೂ ಇದನ್ನೇ. ಮೊದಲನೆಯ ಚಿತ್ರಕ್ಕೂ ಅವರು ಮನೆಮಾತಾದ ಚಿತ್ರಕ್ಕೂ ನಡುವೆ ಹತ್ತು ವರ್ಷಗಳ ಅಂತರವಿದೆ ಎಂಬುದನ್ನು ನಮ್ಮ ಹುಡುಗಿಯರು ಗಮನಿಸಬೇಕು. ಪರೀಕ್ಷೆಯಲ್ಲಿ ಒಂದು ಸಲ ಅಂಕ ಕಡಿಮೆಯಾದರೆ ಊಟ ಬಿಡುವವರು ಆ ಹತ್ತು ವರ್ಷಗಳನ್ನು ಒಮ್ಮೆ ಎಣಿಸಿ ನೋಡಲಿ.

ಆ ಅವಧಿಯ ಕೊನೆಗೆ ಬಾಗಿಲುಗಳು ಒಂದೊಂದಾಗಿ ತೆರೆದವು. ಮದರಾಸಿನ ಎ.ವಿ.ಎಂ. ಸಂಸ್ಥೆಯು 1951ರಲ್ಲಿ ತಯಾರಿಸಿದ ಹಿಂದಿಯ ಬಹಾರ್ ಚಿತ್ರದಲ್ಲಿ ಅವರಿಗೆ ಪಾತ್ರ ದೊರೆಯಿತು. ಮರುವರ್ಷ, 1952ರಲ್ಲಿ, ತಮಿಳಿನ ಪರಾಶಕ್ತಿ ಬಂದಿತು. ಕರುಣಾನಿಧಿಯವರು ಸಂಭಾಷಣೆ ಬರೆದ ಈ ಚಿತ್ರವು ಶಿವಾಜಿ ಗಣೇಶನ್ನರ ಮೊದಲನೆಯದು. ಅದರಲ್ಲಿ ದಿಕ್ಕುಗೆಟ್ಟು ಅಲೆಯುವ ನಾಯಕನಿಗೆ ವಿವೇಕ ಹೇಳಿ ದಾರಿ ತೋರುವ ವಿಮಲೆಯೆಂಬ ತರುಣಿಯಾಗಿ ಪಂಢರಿಬಾಯಿಯವರು ನಟಿಸಿದರು. 1953ರಲ್ಲಿ ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದಲ್ಲಿ ಕನ್ನಡದ ಗುಣಸಾಗರಿ. ಇದಾದ ತರುವಾಯ ಬಂದುದು 1954ನೆಯ ಇಸವಿ. ಅವರ ಚರಿತ್ರೆಯಲ್ಲಿ ಈ ವರ್ಷವು ನಾವು ನಿಂತು ನೋಡತಕ್ಕದ್ದು.

ಆ ವರ್ಷ ಬೇಸಗೆಯಲ್ಲಿ, ಒಂದು ತಿಂಗಳೊಳಗಾಗಿ, ಅವರ ಎರಡು ಚಿತ್ರಗಳು ಹೊರಬಂದವು. ಒಂದು ಕನ್ನಡದ ಬೇಡರ ಕಣ್ಣಪ್ಪ. ಗುಬ್ಬಿ ಕಂಪನಿಯ ನಾಟಕವಾಗಿ ಊರೂರು ಸುತ್ತಿದ್ದ ಕಥೆಯನ್ನು ಸಿಂಹ ಅವರೇ ಚಿತ್ರವಾಗಿ ನಿರ್ದೇಶಿಸಿದರು. ಮುತ್ತುರಾಜನೆಂಬ ನಾಟಕದ ತರುಣನು ರಾಜಕುಮಾರನೆಂಬ ಹೊಸ ಹೆಸರಿನಿಂದ ನಾಯಕನಾದುದು ಈ ಚಿತ್ರದಿಂದಲೇ. ನರಸಿಂಹರಾಜು ಅವರೂ ಜಿ. ವಿ. ಅಯ್ಯರ್ ಅವರೂ ಜನಪ್ರಿಯರಾದುದು ಇದರಿಂದಲೇ. ಬೇಡನಾದ ದಿಣ್ಣನ ಹೆಂಡತಿ ನೀಲೆಯಾಗಿ ಪಂಢರಿಬಾಯಿಯವರು ನಟಿಸಿದರು. ಹೀಗಾಗಿ ಐವತ್ತು ವರ್ಷಗಳ ಕಾಲ ಕನ್ನಡಿಗರು ತಲೆಯ ಮೇಲೆ ಹೊತ್ತು ಮೆರೆಸಿದ ನಟನ ಮೊದಲನೆಯ ನಾಯಿಕೆಯೆಂದರೆ ನಮ್ಮ ಜಿಲ್ಲೆಯ ಈ ಹೆಣ್ಣುಮಗಳು. ಹೊಸಬನಾದ ನಾಯಕನ ಎದುರಿಗೆ ಆಗ ಕ್ಯಾಮರಾದ ಮುಂದೆ ಪಳಗಿದವರೆಂದರೆ ಅವರೇ. ನೀಲೆಯು ಕಾಡಿನ ಹೆಣ್ಣು. ಗಂಡನ ಭಕ್ತಿಯ ಹುಚ್ಚನ್ನು ಪೂರ್ತಿಯಾಗಿ ಅರಿಯದಿದ್ದರೂ ಅವನ ಕೈಬಿಡದವಳು.

ಇನ್ನೊಂದು ಚಿತ್ರವು ತಮಿಳಿನ ಅಂದ ನಾಳ್. ಎಸ್. ಬಾಲಚಂದರ್ ಅವರು ನಿರ್ದೇಶಿಸಿದ ಇದರಲ್ಲಿ ಒಂದು ಹಾಡೂ ಇಲ್ಲ, ಒಂದು ಕುಣಿತವೂ ಇಲ್ಲ. ಆ ಕಾಲದ ತಮಿಳು ಚಿತ್ರಕ್ಕೆ ಇದು ಕೇಳರಿಯದ ಸಂಗತಿ. ಕಥೆಯು ಎರಡನೆಯ ಮಹಾಯುದ್ಧದ ದಿನಗಳದು, 1943ನೆಯ ವರ್ಷದ್ದು. ಮದರಾಸಿನಲ್ಲಿ ರಾಜನ್ ಎಂಬ ರೇಡಿಯೋ ಎಂಜಿನಿಯರನು ಗುಂಡೇಟಿನಿಂದ ಸತ್ತು ಬಿದ್ದಿದ್ದಾನೆ. ಕೊಂದವರು ಯಾರೆಂದು ಒಬ್ಬೊಬ್ಬರೂ ಒಂದೊಂದು ಬಗೆಯಾಗಿ ಹೇಳುತ್ತ ಹೋಗುತ್ತಾರೆ. ಕೊನೆಗೆ ತಿಳಿಯುವುದೇನೆಂದರೆ, ಗಂಡನು ನಾಡಿನ ಗುಟ್ಟುಗಳನ್ನು ಜಪಾನಿನವರಿಗೆ ಮಾರುತ್ತಿದ್ದುದನ್ನು ಅರಿತ ಹೆಂಡತಿ ಉಷೆಯೇ ಬಂದೂಕನ್ನು ಕೈಗೆತ್ತಿಕೊಂಡಿದ್ದಳು. ಆ ಉಷೆ ಪಂಢರಿಬಾಯಿಯವರು. ಆ ಗಂಡನು ಶಿವಾಜಿ ಗಣೇಶನ್.

ಈ ಎರಡು ಪಾತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಬ್ಬಳು ಗಂಡನನ್ನು ಅರ್ಥವಾಗದಿದ್ದರೂ ಹಿಂಬಾಲಿಸುವ ಬೇಡತಿ. ಇನ್ನೊಬ್ಬಳು ಗಂಡನನ್ನು ಚೆನ್ನಾಗಿ ಅರ್ಥ ಮಾಡಿಕೊಂಡುದರಿಂದಲೇ ಅವನ ದಾರಿಗೆ ಅಡ್ಡನಿಲ್ಲುವ ವಿದ್ಯಾವಂತೆ. ಒಬ್ಬಳದು ಪುರಾಣದ ಕಾಡು, ಇನ್ನೊಬ್ಬಳದು ಬಾಂಬಿನ ಭಯದಲ್ಲಿ ನಡುಗುವ ಪಟ್ಟಣ. ಭಾಷೆಯೂ ಬೇರೆ, ಉಡುಗೆಯೂ ಬೇರೆ, ನಡಿಗೆಯೂ ಬೇರೆ. ಇಪ್ಪತ್ತೈದರ ಆಸುಪಾಸಿನ ತರುಣಿಯೊಬ್ಬಳು ಒಂದೇ ವರ್ಷದಲ್ಲಿ ಈ ಇಬ್ಬರನ್ನೂ ಜನರು ನಂಬುವಂತೆ ತೋರಿಸಿದಳು. ಆ ಸಾಲಿನ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ಎರಡು ಚಿತ್ರಗಳಿಗೂ ಅರ್ಹತಾಪತ್ರಗಳು ಬಂದವು. ದೂರದರ್ಶನದ ಆ ಅರ್ಧ ತಾಸಿನಲ್ಲಿ ಬೇಡರ ಕಣ್ಣಪ್ಪನಿಗೆ ಒಂದು ನಿಮಿಷ ದೊರೆಯಿತು. ಬಂದೂಕು ಹಿಡಿದ ಉಷೆಗೆ ಒಂದು ಕ್ಷಣ ಮಾತ್ರ.

ಮುಂದಿನ ನಾಲ್ಕೈದು ವರ್ಷಗಳು ಅವರ ನಾಯಿಕಾ ಪದವಿಯ ವರ್ಷಗಳು. 1955ರಲ್ಲಿ ಸೋದರಿ ಬಂದಿತು. ಅದೇ ವರ್ಷದ ಸಂತ ಸಖು ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಸಖುವಿನ ಕಥೆಯು ನಮ್ಮ ಕಡೆಯ ಅಜ್ಜಿಯಂದಿರಿಗೆ ಬಾಯಿಪಾಠ. ಅತ್ತೆಮನೆಯವರ ಕಾಟದಲ್ಲಿ ಬೆಂದ ಸೊಸೆಯು ಪಂಢರಾಪುರದ ಯಾತ್ರೆಗೆ ಹೊರಡುತ್ತಾಳೆ. ಅವರು ಅವಳನ್ನು ಕಂಬಕ್ಕೆ ಕಟ್ಟಿಹಾಕುತ್ತಾರೆ. ವಿಠ್ಠಲನೇ ಬಂದು ಅವಳನ್ನು ಬಿಡಿಸಿ ಕಳಿಸಿ, ತಾನು ಅವಳ ರೂಪದಿಂದ ನಿಂತು ನೀರು ಸೇದಿ, ಹಿಟ್ಟು ಬೀಸಿ, ಮುಸುರೆ ತಿಕ್ಕುತ್ತಾನೆ. ಭಕ್ತಿಯ ಕಥೆಯಾಗಿಯೇ ಇದನ್ನು ಹೇಳುವುದು ವಾಡಿಕೆ. ನಮಗೆ ಇದರಲ್ಲಿ ಬೇರೊಂದು ಅಂಶವೂ ಕಾಣುತ್ತದೆ. ಸೊಸೆಯ ಒಂದು ದಿನದ ಕೆಲಸವನ್ನು ಮಾಡಿ ಮುಗಿಸುವುದಕ್ಕೆ ದೇವರೇ ಸೆರಗು ಕಟ್ಟಬೇಕಾಯಿತು. ಆದರೂ ಆ ಕೆಲಸವನ್ನು ಅತ್ತೆಯಾಗಲಿ ಗಂಡನಾಗಲಿ ಕೆಲಸವೆಂದು ಎಣಿಸಿದವರಲ್ಲ. ಬಿಸಿಲಿಗೆ ಮುಂಚೆ ಎದ್ದು ಬಾವಿಯಿಂದ ನೀರೆಳೆದು ಬಂದ ಹೆಂಗಸರು ಸಂಜೆ ಡೇರೆಯಲ್ಲಿ ಕುಳಿತು ಆ ಚಿತ್ರವನ್ನು ನೋಡಿ ಕಣ್ಣೊರೆಸಿಕೊಂಡರೆಂದರೆ, ಅವರು ಅತ್ತುದು ಸಖುವಿಗಾಗಿ ಮಾತ್ರವೇ ಆಗಿರಲಾರದು.

1957ರಲ್ಲಿ ರಾಯರ ಸೊಸೆ ಬಂದಿತು. ಪುರಾಣದ ಸೊಸೆಯಾಗಿದ್ದವರು ಇಲ್ಲಿ ನಮ್ಮ ನಿಮ್ಮಂತಹ ಸಂಸಾರದ ಸೊಸೆಯಾದರು. ಕಷ್ಟವನ್ನು ಸಹಿಸುವುದರ ಜೊತೆಗೆ ತನ್ನ ಬುದ್ಧಿಯನ್ನೂ ಉಪಯೋಗಿಸುವ ಹೆಣ್ಣನ್ನು ತೆರೆಯ ಮೇಲೆ ತೋರಿಸಿದವರೆಂದು ಚಿತ್ರರಂಗದ ಚರಿತ್ರಕಾರರು ಅವರನ್ನು ಗುರುತಿಸುತ್ತಾರೆ. 1959ರಲ್ಲಿ ಷೇಕ್ಸ್‌ಪಿಯರನ ನಾಟಕವೊಂದರ ಛಾಯೆಯುಳ್ಳ ಅಬ್ಬಾ ಆ ಹುಡುಗಿ ತೆರೆಗೆ ಬಂದಿತು. ಅದರಲ್ಲಿ ಗಂಡಸರೆಂದರೆ ಕಿಡಿಕಾರುವ ಹಟಮಾರಿ ಹುಡುಗಿಯಾದವರು ಪಂಢರಿಬಾಯಿಯವರ ತಂಗಿ ಮೈನಾವತಿಯವರು. ಅಕ್ಕನೂ ಅದೇ ಚಿತ್ರದಲ್ಲಿದ್ದರು. ಹೀಗೆ ಭಟ್ಕಳದ ಒಂದೇ ಮನೆಯಿಂದ ಇಬ್ಬರು ನಾಯಿಕೆಯರು. ಮೈನಾವತಿಯವರು 2012ರಲ್ಲಿ ತೀರಿಕೊಂಡರು. ಪಂಢರಿಬಾಯಿಯವರು ನಟನೆಯಷ್ಟಕ್ಕೇ ನಿಲ್ಲದೆ ಚಿತ್ರ ತಯಾರಿಕೆಯ ಜವಾಬ್ದಾರಿಯನ್ನೂ ಹೊತ್ತರು. ಹಣದ ಲೆಕ್ಕ, ಜನರ ಊಟ, ಸಾಲದ ಬಡ್ಡಿ, ಹಂಚಿಕೆದಾರರ ಸಂಗಡ ಮಾತು, ಇವೆಲ್ಲ ನಿರ್ಮಾಪಕರ ಪಾಲಿನ ಕೆಲಸಗಳು. ರಾಜಮ್ಮನವರು ತೆರೆದ ಬಾಗಿಲಿನಿಂದ ಇವರೂ ಒಳಹೊಕ್ಕರೆಂದು ತಿಳಿಯತಕ್ಕದ್ದು.

ಅದೇ 1959ರಲ್ಲಿ ಹಿಂದಿಯ ಪೈಗಾಮ್ ಚಿತ್ರವೂ ಬಂದಿತು. ದಿಲೀಪಕುಮಾರ್, ವೈಜಯಂತಿಮಾಲಾ, ರಾಜಕುಮಾರ್ ಎಂಬ ಹೆಸರಿನ ಹಿಂದಿ ನಟರು, ಇಂತಹ ದೊಡ್ಡವರ ನಡುವೆ ಪಂಢರಿಬಾಯಿಯವರಿಗೆ ದೊರೆತುದು ಅಣ್ಣನ ಹೆಂಡತಿಯ ಪಾತ್ರ, ಅಂದರೆ ಮನೆಯ ಅತ್ತಿಗೆ. ಇಲ್ಲಿಂದ ಮುಂದೆ ಅವರ ಬಾಳು ಒಂದು ತಿರುವನ್ನು ಪಡೆಯುತ್ತದೆ. ಅತ್ತಿಗೆಯು ಅಕ್ಕನಾದಳು, ಅಕ್ಕನು ತಾಯಿಯಾದಳು. ಈ ತಿರುವನ್ನು ನಾವು ಲೆಕ್ಕ ಹಾಕಿಯೇ ತೋರಿಸುತ್ತೇವೆ. ಗಣಿತದ ಪಾಠ ಹೇಳಿದವರಿಗೆ ಅದು ರೂಢಿ.

ತಮಿಳಿನ ಕುಡಿಯಿರುಂದ ಕೋಯಿಲ್ ಚಿತ್ರವು 1968ರದು. ಅದರಲ್ಲಿ ನಾಯಕರು ಎಂ. ಜಿ. ರಾಮಚಂದ್ರನ್, ಅವರು ಹುಟ್ಟಿದುದು 1917ರಲ್ಲಿ. ಅವರ ತಾಯಿಯಾಗಿ ನಟಿಸಿದವರು ಪಂಢರಿಬಾಯಿಯವರು. ಮಗನಿಗೆ ಐವತ್ತೊಂದು ವರ್ಷ. ತಾಯಿಗೆ ಸುಮಾರು ನಾಲ್ವತ್ತು! ಮರುವರ್ಷ, 1969ರಲ್ಲಿ, ದೈವ ಮಗನ್ ಬಂದಿತು. ಅದರಲ್ಲಿ ತಂದೆಯಾಗಿಯೂ ಇಬ್ಬರು ಗಂಡುಮಕ್ಕಳಾಗಿಯೂ ನಟಿಸಿದವರು ಶಿವಾಜಿ ಗಣೇಶನ್ ಒಬ್ಬರೇ. ಹೀಗಾಗಿ ಪಂಢರಿಬಾಯಿಯವರು ಒಂದೇ ಚಿತ್ರದಲ್ಲಿ ಒಬ್ಬನೇ ನಟನಿಗೆ ಹೆಂಡತಿಯೂ ಆದರು, ತಾಯಿಯೂ ಆದರು. ಹದಿನೇಳು ವರ್ಷಗಳ ಹಿಂದೆ ಪರಾಶಕ್ತಿಯಲ್ಲಿ ಅವನ ಜೊತೆಗಾತಿಯಾಗಿದ್ದವರು ಇವರೇ. ನಾಯಕರಿಗೆ ವಯಸ್ಸಾಗುವುದಿಲ್ಲ, ನಾಯಿಕೆಯರಿಗೆ ಮೂವತ್ತು ದಾಟಿತೆಂದರೆ ತಲೆಗೆ ಬಿಳಿಯ ಬಣ್ಣ ಬಳಿಯುತ್ತಾರೆ. ಇದು ಅಂದಿನ ಚಿತ್ರರಂಗದ ಕಟ್ಟಳೆ. ನಮ್ಮ ವಸತಿಗೃಹದ ಹುಡುಗಿಯು ಕೇಳಿದ ಪ್ರಶ್ನೆಗೆ ಉತ್ತರವು ಇಲ್ಲಿದೆ. ಅವರು ಮುದುಕಿಯಾಗಿ ಹುಟ್ಟಿದವರಲ್ಲ. ತರುಣಿಯಾಗಿರುವಾಗಲೇ ಅವರನ್ನು ಮುದುಕಿ ಮಾಡಿದರು.

ಇಂತಹ ಸ್ಥಿತಿಯಲ್ಲಿ ಅವರ ಮುಂದೆ ಎರಡು ದಾರಿಗಳಿದ್ದವು: ಮನೆಗೆ ಹೋಗಿ ಕುಳಿತುಕೊಳ್ಳುವುದು ಒಂದು, ಕೊಟ್ಟ ಪಾತ್ರವನ್ನು ಹಿಡಿದು, ಅದರೊಳಗೇ ತಮ್ಮ ವಿದ್ಯೆಯನ್ನು ತೋರಿಸುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. 1967ರ ಬೆಳ್ಳಿಮೋಡವನ್ನು ನೆನೆಯೋಣ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲನೆಯ ಚಿತ್ರವಿದು. ಮಲೆನಾಡಿನ ಸಿರಿವಂತರ ಒಬ್ಬಳೇ ಮಗಳಾದ ಇಂದಿರೆಯಾಗಿ ಕಲ್ಪನಾ ಅವರು ನಟಿಸಿದರು. ಅವಳ ತಾಯಿಯಾಗಿ ಪಂಢರಿಬಾಯಿಯವರು. ಮಗಳ ಮದುವೆಯು ನಿಶ್ಚಯವಾದ ಮೇಲೆ, ತಡವಾದ ವಯಸ್ಸಿನಲ್ಲಿ, ತಾಯಿಯು ಗಂಡುಮಗುವನ್ನು ಹೆತ್ತು ತೀರಿಕೊಳ್ಳುತ್ತಾಳೆ. ಆಸ್ತಿಗೆ ಗಂಡು ವಾರಸುದಾರನು ಹುಟ್ಟಿದನೆಂದು ತಿಳಿಯುತ್ತಲೇ ವರನ ಪ್ರೀತಿಯು ಆರಿಹೋಗುತ್ತದೆ. ಬೆಳೆದ ಮಗಳ ಮುಂದೆ ಗರ್ಭಿಣಿಯಾಗಿ ನಿಲ್ಲುವ ತಾಯಿಯ ನಾಚಿಕೆ, ಸಂತೋಷ, ಅಂಜಿಕೆ, ಈ ಮೂರನ್ನೂ ಒಂದೇ ಮುಖದಲ್ಲಿ ತೋರಿಸಬೇಕು, ಅತಿಯಾಗಬಾರದು. ನಾವು ನಮ್ಮ ಬಾಲ್ಯದಲ್ಲಿ ಮಿಶನ್ ಬೋರ್ಡಿಂಗಿನಲ್ಲಿದ್ದಾಗ, ಮೇಟ್ರನ್ ಬಾಯಿಯವರು ತಿಂಗಳಿಗೊಂದು ರವಿವಾರ ದೂರದರ್ಶನದ ಕನ್ನಡ ಚಿತ್ರವನ್ನು ನೋಡಗೊಡುತ್ತಿದ್ದರು. ಅಲ್ಲಿಯೇ ನಾವು ಈ ಚಿತ್ರವನ್ನು ಮೊದಲು ನೋಡಿದುದು. ಮೂವತ್ತು ಹುಡುಗಿಯರು ಒಟ್ಟಿಗೆ ಅತ್ತೆವು. ತಾಯಿಯನ್ನು ಬಿಟ್ಟು ಬಂದ ಮಕ್ಕಳಿಗೆ ಆ ಮುಖವು ತಾಯಿಯದೇ ಆಗಿ ತೋರಿತು. ಅದರ ಹಿಂದೆ ಒಬ್ಬ ನಟಿಯ ಕಸುಬು ಇದೆಯೆಂದು ಆಗ ನಮಗೆ ಹೊಳೆಯಲಿಲ್ಲ.

ಹೊಳೆಯದಿರುವುದೇ ಆ ಕಸುಬಿನ ಹೆಚ್ಚುಗಾರಿಕೆ. ಅದರ ಕಷ್ಟವೂ ಅದೇ. ಖಡ್ಗ ಹಿಡಿದು ಹೋರಾಡುವ ನಾಯಕನು ನಟಿಸುತ್ತಿರುವನೆಂದು ಎಲ್ಲರಿಗೂ ತಿಳಿಯುತ್ತದೆ. ಕಣ್ಣೊರೆಸಿ ಅನ್ನ ಬಡಿಸುವ ತಾಯಿಯು ನಟಿಸುತ್ತಿರುವಳೆಂದು ಯಾರಿಗೂ ಅನ್ನಿಸುವುದಿಲ್ಲ. ಅದು ಹೆಣ್ಣಿನ ಸ್ವಭಾವವೆಂದು ತಿಳಿಯುತ್ತಾರೆ. ನೂರಾರು ಚಿತ್ರಗಳಲ್ಲಿ, ಕನ್ನಡ, ತಮಿಳು, ತೆಲುಗು, ಹಿಂದಿ ಎಂಬ ನಾಲ್ಕು ಭಾಷೆಗಳಲ್ಲಿ, ಪಂಢರಿಬಾಯಿಯವರು ಈ ಕೆಲಸವನ್ನು ಮಾಡಿದರು. ಬೆಳಗ್ಗೆ ಒಂದು ಭಾಷೆಯ ತಾಯಿ, ಸಂಜೆ ಇನ್ನೊಂದು ಭಾಷೆಯ ತಾಯಿ ಎಂಬಂತಹ ದುಡಿಮೆಯು ಮದರಾಸಿನ ಪೋಷಕ ನಟಿಯರ ಪಾಲಿಗೆ ಸಾಮಾನ್ಯವಾಗಿತ್ತು. ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ಸಾಯುವ ದೃಶ್ಯವನ್ನು ಮೊದಲು ತೆಗೆದು ಮದುವೆಯ ದೃಶ್ಯವನ್ನು ಆಮೇಲೆ ತೆಗೆಯಬಹುದು. ಸುಡುವ ದೀಪಗಳ ಮುಂದೆ, ಹತ್ತಾರು ಜನರ ನಡುವೆ, ಹೇಳಿದ ಕ್ಷಣಕ್ಕೆ ಕಣ್ಣೀರು ಬರಬೇಕು, ನಿಲ್ಲೆಂದಾಗ ನಿಲ್ಲಬೇಕು. ತಮಿಳುನಾಡಿನವರು ಅವರಿಗೆ ಕಲೈಮಾಮಣಿ ಎಂಬ ಗೌರವವನ್ನಿತ್ತುದು ಈ ವಿದ್ಯೆಗಾಗಿ.

1986ರಲ್ಲಿ ಅನುರಾಗ ಅರಳಿತು ತೆರೆಗೆ ಬಂದಿತು. ನಾಯಕರು ರಾಜಕುಮಾರ್. ಯಂತ್ರಶಾಲೆಯಲ್ಲಿ ದುಡಿಯುತ್ತ ಅಸ್ವಸ್ಥಳಾದ ತಾಯಿಯನ್ನು ಮಗುವಿನಂತೆ ಜೋಪಾನ ಮಾಡುವ ಮಗನ ಪಾತ್ರ ಅವರದು. ಆ ತಾಯಿಯು ಪಂಢರಿಬಾಯಿಯವರು. ರಾಜಕುಮಾರರು ಹುಟ್ಟ��ದುದು 1929ರಲ್ಲಿ. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಮೂವತ್ತೆರಡು ವರ್ಷಗಳ ಹಿಂದೆ ದಿಣ್ಣನೂ ನೀಲೆಯೂ ಆಗಿದ್ದವರು ಈಗ ಮಗನೂ ತಾಯಿಯೂ ಆಗಿ ಎದುರುಬದುರು ನಿಂತರು. ನೋಡಿದವರಿಗೆ ಇದು ವಿಚಿತ್ರವೆನ್ನಿಸಲಿಲ್ಲ. ಅಷ್ಟರಮಟ್ಟಿಗೆ ಇಬ್ಬರ ಕೈಯೂ ಪಳಗಿತ್ತು. ಇದೇ ಕಥೆಯು 1992ರಲ್ಲಿ ಮನ್ನನ್ ಎಂಬ ಹೆಸರಿನಿಂದ ತಮಿಳಿನಲ್ಲಿ ಬಂದಾಗ ಮಗನಾದವರು ರಜನೀಕಾಂತ್. ತಾಯಿಯು ಮಾತ್ರ ಅವರೇ. ನಾಯಕನು ಬದಲಾದರೂ ತಾಯಿಯನ್ನು ಬದಲಾಯಿಸಲು ಮನಸ್ಸು ಬಾರದಂತಹ ಸ್ಥಾನವನ್ನು ಅವರು ಗಳಿಸಿದ್ದರು.

ಕೊನೆಯ ವರ್ಷಗಳಲ್ಲಿ ಅವರಿಗೆ ದೊಡ್ಡ ಆಪತ್ತು ಒದಗಿತು. ಕಳೆದ ಶತಮಾನದ ಕೊನೆಯ ದಶಕದಲ್ಲಿ ರಸ್ತೆಯ ಅಪಘಾತವೊಂದರಲ್ಲಿ ಸಿಕ್ಕಿ ಅವರು ತಮ್ಮ ಒಂದು ಕೈಯನ್ನು ಕಳೆದುಕೊಂಡರು. ನಟಿಗೆ ಕೈಯೆಂದರೆ ಅರ್ಧ ಮಾತು. ಎಷ್ಟು ಮಂದಿ ತೆರೆಯ ಮಕ್ಕಳ ತಲೆಯನ್ನು ನೇವರಿಸಿದ ಕೈಯದು! 2003ನೆಯ ಇಸವಿ ಜನವರಿ ತಿಂಗಳ 29ರಂದು, ಚೆನ್ನೈ ಪಟ್ಟಣದಲ್ಲಿ, ಅವರು ಕಾಲವಾದರು. ಅರ್ಧ ಶತಮಾನಕ್ಕೂ ಮೀರಿದ ದುಡಿಮೆಯು ಅಲ್ಲಿಗೆ ಮುಗಿಯಿತು. ಭಟ್ಕಳದಿಂದ ಹೊರಟವರು ಇನ್ನೊಂದು ಕಡಲಿನ ದಡದಲ್ಲಿ ಕಣ್ಣು ಮುಚ್ಚಿದರು.

ಚರಿತ್ರೆಯು ಇಷ್ಟೇ. ಆದರೆ ಇದನ್ನು ಬರೆಯುವುದಕ್ಕೆ ನಮ್ಮನ್ನು ಪ್ರೇರಿಸಿದ ಇನ್ನೊಂದು ಕಾರಣವುಂಟು. ಅದನ್ನು ಮರೆಮಾಚುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ಇಲ್ಲಿ ಕಲಿತು ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ನಮ್ಮಲ್ಲಿಗೆ ಬಂದಿದ್ದಳು. ಶಾಲೆಯಲ್ಲಿದ್ದಾಗ ಪ್ರತಿವರ್ಷದ ನಾಟಕದಲ್ಲಿಯೂ ಅವಳೇ ಮುಂದು. ನಮ್ಮಿಂದ ದೂರವಲ್ಲದ, ಸಾಗರ ತಾಲೂಕಿನ ಹೆಗ್ಗೋಡಿನಲ್ಲಿರುವ ನೀನಾಸಮ್ ನಾಟಕಶಾಲೆಗೆ ಸೇರಬೇಕೆಂದೂ, ಮನೆಯಲ್ಲಿ ತಂದೆಯವರಿಗೆ ನಾವೊಂದು ಮಾತು ಹೇಳಬೇಕೆಂದೂ ಅವಳು ಕೇಳಿಕೊಂಡಳು. ನಾವು ಹೇಳಲಿಲ್ಲ. ಹೆಣ್ಣುಮಕ್ಕಳಿಗೆ ಅದು ಭದ್ರವಾದ ದಾರಿಯಲ್ಲವೆಂದೂ, ಶಿಕ್ಷಕಿಯ ತರಬೇತಿ ಪಡೆದರೆ ಬಾಳು ನೆಲೆಗೊಳ್ಳುವುದೆಂದೂ ಬುದ್ಧಿ ಹೇಳಿ ಕಳಿಸಿದೆವು. ಅವಳು ವಾದ ಮಾಡಲಿಲ್ಲ, ನಮಸ್ಕರಿಸಿ ಹೋದಳು. ಮುಂದೆ ಒಂದು ಅಂಗಡಿಯ ಲೆಕ್ಕ ಬರೆಯುವ ಕೆಲಸ, ಆಮೇಲೆ ಮದುವೆ, ಮಗು. ಸುಖವಾಗಿಯೇ ಇದ್ದಾಳೆ. ಆ ರಾತ್ರಿ ದೂರದರ್ಶನದ ಮುಂದೆ ಕುಳಿತಿದ್ದವರಲ್ಲಿ ಅವಳೂ ಒಬ್ಬಳು. ಎಲ್ಲರೂ ತಾಯಿಯ ಕಣ್ಣೀರನ್ನು ಕುರಿತು ಮಾತನಾಡುತ್ತಿದ್ದಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, ಬಂದೂಕು ಹಿಡಿದ ಆ ಒಂದು ಕ್ಷಣದಲ್ಲಿ ಕೈ ನಡುಗದೆ ಬರಿಯ ಗದ್ದವು ನಡುಗಿತೆಂಬುದನ್ನು ನಾವು ಕಂಡೆವೇ ಎಂದು ಕೇಳಿದಳು. ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಆ ಕಣ್ಣಿಗೆ ಸಿಗಬೇಕಾಗಿದ್ದ ಶಿಕ್ಷಣವನ್ನು ತಪ್ಪಿಸಿದುದರಲ್ಲಿ ನಮ್ಮ ಪಾಲೂ ಇದೆಯೆಂದು ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

ಆದುದರಿಂದ ಸಂಪಾದಕ ಮಂಡಲಿಯ ಆ ಪಾಲಕರಿಗೆ ನಾವು ವಿನಯದಿಂದ ಬಿನ್ನವಿಸುವುದು ಇಷ್ಟು. ಎಲ್ಲ ಹುಡುಗಿಯರೂ ನಟಿಯರಾಗಲೆಂದು ನಾವು ಹೇಳುವವರಲ್ಲ. ಆ ದಾರಿಯಲ್ಲಿ ಎಡವುವ ಕಲ್ಲುಗಳು ಬಹಳ. ತಂದೆತಾಯಿಗಳ ಅಂಜಿಕೆಯು ಸುಳ್ಳಲ್ಲ. ಆದರೆ ಯಾವ ಹುಡುಗಿಯಲ್ಲಿ ಯಾವ ವಿದ್ಯೆಯು ಅಡಗಿದೆಯೆಂಬುದನ್ನು ನೋಡುವುದಕ್ಕೆ ಮುಂಚೆಯೇ ಬಾಗಿಲು ಮುಚ್ಚುವ ಕೆಲಸವು ಶಾಲೆಯದಾಗಬಾರದು. ಹರಿಕಥೆಯ ದಾಸರೊಬ್ಬರು ಸುಮಾರು ಎಂಬತ್ತು ವರ್ಷಗಳ ಹಿಂದೆ ತಮ್ಮ ಮಗಳಿಗೆ ಬಾಗಿಲು ಮುಚ್ಚಲಿಲ್ಲ. ತರಬೇತಿ ಹೊಂದಿದ ಶಿಕ್ಷಕಿಯರಾದ ನಾವು ಮುಚ್ಚಿದೆವು.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬೇಡಿಕೆಯೂ ಒಂದಿದೆ. ತಮ್ಮ ಮನೆಗಳಲ್ಲಿ ಪಂಢರಿಬಾಯಿಯವರ ಹಳೆಯ ಚಿತ್ರವನ್ನು ಮಕ್ಕಳ ಸಂಗಡ ನೋಡುವ ಪ್ರಸಂಗ ಬಂದರೆ, ಕಣ್ಣೀರಿನ ದೃಶ್ಯವು ಮುಗಿದ ಮೇಲೆ ಅವರ ತಾರುಣ್ಯವನ್ನೂ, ಮದರಾಸಿನ ಹತ್ತು ವರ್ಷಗಳನ್ನೂ, ನೀಲೆಯನ್ನೂ ಉಷೆಯನ್ನೂ ಕುರಿತು ನಾಲ್ಕು ಮಾತು ಹೇಳಿರಿ. ಅವರು ಘಟ್ಟದ ಕೆಳಗಿನ ನಮ್ಮವರೇ ಎಂಬುದನ್ನೂ ಹೇಳಿರಿ. ನಾವಾದರೋ ನಮ್ಮ ಹಳೆಯ ವಿದ್ಯಾರ್ಥಿನಿಯ ಮನೆಗೆ ಹೋಗಿ, ಶನಿವಾರ ಮಧ್ಯಾಹ್ನ ಶಾಲೆಗೆ ಬಂದು ನಮ್ಮ ಹುಡುಗಿಯರಿಗೆ ನಾಟಕವನ್ನು ಕಲಿಸಿಕೊಡಬೇಕೆಂದು ಕೇಳಿಕೊಂಡೆವು. ತಡವಾಯಿತೆಂದು ಕ್ಷಮೆಯನ್ನೂ ಬೇಡಿದೆವು. ಅವಳು ಮಗುವನ್ನು ಸೊಂಟದಿಂದ ಇಳಿಸಿ, ಸ್ವಲ್ಪ ಹೊತ್ತು ಅಂಗಳವನ್ನು ನೋಡುತ್ತ ನಿಂತು, ಮಗುವನ್ನೂ ಕರೆತರಬಹುದೇ ಎಂದು ಕೇಳಿದಳು. ಅಗತ್ಯವಾಗಿ ಕರೆತರಬೇಕೆಂದೆವು. ಜೂನ್ ತಿಂಗಳಿನಲ್ಲಿ ಶಾಲೆ ತೆರೆದ ಮೊದಲನೆಯ ಶನಿವಾರದಿಂದ ಅವಳು ಬರುವಳು. ಒಂಬತ್ತನೆಯ ಇಯತ್ತೆಯ ಆ ಪ್ರಶ್ನೆ ಕೇಳಿದ ಹುಡುಗಿಯ ಹೆಸರು ಪಟ್ಟಿಯಲ್ಲಿ ಎಲ್ಲಕ್ಕೂ ಮೇಲೆ ಇದೆ.